ಹವಳದ ಸಣ್ಣ ಟ್ಯಾಂಕ್: ಕೆಎಚ್ ನಿಲ್ಲುತ್ತಿಲ್ಲ, ನಿಮ್ಮ ಅನುಭವ ಹೇಳಿ

ಉಪ್ಪಳ: ನನ್ನದು 60 ಲೀಟರ್ ಟ್ಯಾಂಕ್. ಕೆಎಚ್ (ಹವಳ ಬೆಳೆಯಲು ಬಳಸುವ, ನೀರಿನ ಕಾರ್ಬೊನೇಟ್ ಅಳತೆ) ವಾರದೊಳಗೆ 8.5ರಿಂದ 6.8ಕ್ಕೆ ಇಳಿಯುತ್ತದೆ. ಸುಣ್ಣದ ತಿಳಿ ಹಾಕಲಾ, ಅಳತೆಯಷ್ಟೇ ದ್ರಾವಣ ತಾನಾಗಿ ಹಾಕುವ ಡೋಸಿಂಗ್ ಪಂಪ್ ತಗೊಳ್ಳಲಾ?

ಕುಂಬಳೆ: ಸುಣ್ಣದ ತಿಳಿ ಎಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಲೀಟರಿಗೆ ಒಂದೂವರೆ ಗ್ರಾಂ ಕರಗಿಸಿ, ರಾತ್ರಿ ತೊಟ್ಟು ತೊಟ್ಟಾಗಿ ಬೀಳಲಿ ಎಂದು ಇಟ್ಟಿದ್ದೆ. ಡ್ರಿಪ್ಪಿನ ಚಕ್ರ ಸಡಿಲವಾಗಿ ಮೂರು ಲೀಟರೂ ಇಳಿದುಹೋಯಿತು. ಬೆಳಿಗ್ಗೆ ನೋಡಿದರೆ ನೀರು ಹಾಲಿನ ಹಾಗೆ. ಪಿಎಚ್ 9.1, ಕೆಎಚ್ 11.8. ಎರಡು ವರ್ಷ ಸಾಕಿದ ಅಕ್ರೊಪೊರಾ ಎಂಬ ಗಟ್ಟಿ ಹವಳ ಮಧ್ಯಾಹ್ನದೊಳಗೆ ಚರ್ಮ ಕಳಚಿ ಬೆಳ್ಳಗಾಯಿತು. ಆಮೇಲೆ ಪಂಪಿಗೆ 9,400 ರೂಪಾಯಿ, ನೀರು ಪರೀಕ್ಷಿಸುವ ಕಿಟ್‌ಗಳಿಗೆ 3,200, ನೀರು ಬದಲಿಸಲು ಉಪ್ಪಿಗೆ 5,800. ಮೊದಲೇ ಪಂಪ್ ತಗೊಂಡಿದ್ದರೆ ಆ ಹವಳ ಉಳಿಯುತ್ತಿತ್ತು.

ಬದಿಯಡ್ಕ: ತಪ್ಪು ನಿಮ್ಮ ಡ್ರಿಪ್ಪಿನದ್ದು, ಸುಣ್ಣವನ್ನು ಯಾಕೆ ಬೈಯುತ್ತೀರಿ? ನನ್ನ ಟ್ಯಾಂಕ್ ನಾಲ್ಕು ವರ್ಷದಿಂದ ಅದರಲ್ಲೇ ನಡೆಯುತ್ತಿದೆ. ದಿನಕ್ಕೆ ಆವಿಯಾಗುವುದು 900 ಮಿಲಿ. ಅಷ್ಟನ್ನೇ, ಲೈಟ್ ಆರಿದ ಮೇಲೆ ಹಾಕುತ್ತೇನೆ. ರಾತ್ರಿ ಪಿಎಚ್ ಬೀಳುವುದೂ ತಪ್ಪುತ್ತದೆ. ನನ್ನನ್ನು ಸತಾಯಿಸಿದ್ದು ಮೆಗ್ನೀಸಿಯಂ. ಲೀಟರಿಗೆ 1,050 ಮಿಲಿಗ್ರಾಂ ಮಾತ್ರ ಇತ್ತು, ನಾನು ನೋಡಿಯೇ ಇರಲಿಲ್ಲ. ಎಷ್ಟು ಹಾಕಿದರೂ ಕ್ಯಾಲ್ಸಿಯಂ, ಕೆಎಚ್ ಎರಡೂ ಪಂಪಿನ ಮೇಲೆ ಬಿಳಿ ಹೊಪ್ಪಳೆಯಾಗಿ ಕೂರುತ್ತಿದ್ದವು. ಹತ್ತು ದಿನದಲ್ಲಿ ನಿಧಾನವಾಗಿ 1,320ಕ್ಕೆ ಏರಿಸಿದೆ. ಆಮೇಲೆ ಕೆಎಚ್ ಇಳಿಯದೆ ನಿಂತಿತು.

ಬೇಕಲ: ಉಪ್ಪಿಗೆ 5,800 ಯಾಕೆ ಕೊಡುತ್ತೀರಿ? ಸಮುದ್ರ ಇಲ್ಲೇ ಇದೆ. ಮಾರ್ಚ್‌ನಲ್ಲಿ ತಂದ ನೀರಿನ ಸಾಂದ್ರತೆ (ಉಪ್ಪಿನ ಅಳತೆ) 1.025 ತೋರಿಸಿತು. ಜುಲೈಯಲ್ಲಿ ಚಂದ್ರಗಿರಿ ಅಳಿವೆ ಹತ್ತಿರ ತಂದದ್ದು 1.016. ಮಳೆಗಾಲ ಬಿಟ್ಟು ತನ್ನಿ ಅಷ್ಟೇ.

ಕುಂಬಳೆ: ಉಪ್ಪು ಅಳೆದಿರಿ, ಸರಿ. ಬೋಟಿನ ಡೀಸೆಲ್ ಯಾವ ಕಿಟ್‌ನಲ್ಲಿ ಕಾಣುತ್ತದೆ?

ಮಂಜೇಶ್ವರ: ಸಮುದ್ರದಿಂದ ನೀರು ತರುವವರು ಹವಳವನ್ನೂ ಕಿತ್ತು ತರುತ್ತಾರೆ. ಗಟ್ಟಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕುಂಬಳೆಯವರೇ, ನಿಮ್ಮ ಅಕ್ರೊಪೊರಾ ಎಲ್ಲಿಂದ ಬಂತು? ನಾನು ಮಶ್ರೂಮ್, ಝೋವಾ ಎಂಬ ಮೆತ್ತನೆಯ ಹವಳ ಮಾತ್ರ ಸಾಕುತ್ತೇನೆ. ಅವು ಕೆಎಚ್ ತಿನ್ನುವುದೇ ಕಡಿಮೆ, ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಿದರೆ ಮುಗಿಯಿತು.

ಕುಂಬಳೆ: ಇನ್ನೊಬ್ಬರ ಟ್ಯಾಂಕಿನಲ್ಲಿ ಬೆಳೆದ ತುಂಡು ಅದು. ಸತ್ತ ಹವಳದ ಲೆಕ್ಕ ಕೇಳಬೇಡಿ.

ಬೇಕಲ: ನಾನು ತಂದದ್ದು ನೀರು. ಹವಳ ಕೀಳುತ್ತೇನೆ ಎಂದು ಎಲ್ಲಿ ಹೇಳಿದೆ? ಆ ಮಾತು ವಾಪಸ್ ತಗೊಳ್ಳಿ. ಡೀಸೆಲ್ ಕೇಳಿದವರಿಗೆ: ಬೋಟ್ ನಿಲ್ಲುವ ಜಾಗ ಬಿಟ್ಟು, ನಸುಕಿಗೇ ಹೋಗಿ ತುಂಬಿಸುತ್ತೇನೆ. ಮನೆಯಲ್ಲಿ ಎರಡು ದಿನ ಕಾರ್ಬನ್ (ಶೋಧಿಸುವ ಇದ್ದಿಲು) ಮೇಲೆ ಓಡಿಸಿ, ಎರಡು ವಾರ ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಇಡುತ್ತೇನೆ. ಆಮೇಲೆ ಮತ್ತೆ ಎಲ್ಲ ಅಳೆದೇ ಟ್ಯಾಂಕಿಗೆ ಹಾಕುವುದು.