ಎತ್ತಿನ ಕಣ್ಣು ಶರ್ಟ್ ಗುಂಡಿ ಥರ ಕಾಣ್ತಿದೆ, ಪ್ರಾಣಿ ಕಣ್ಣು ಬರೆದು ಅನುಭವ ಇರೋರು ದಯವಿಟ್ಟು ಹೇಳಿ

ಅಪ್ಪ 12 ವರ್ಷ ಸಾಕಿದ್ದ ಹಳ್ಳಿಕಾರ್ ಎತ್ತು ಹೋದ ತಿಂಗಳು ತೀರಿಹೋಯ್ತು, ಅವರಿಗೆ ಕೊಡೋಣ ಅಂತ ಮೊಬೈಲ್ ಫೋಟೋ ನೋಡ್ಕೊಂಡು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಬರೀತಿದೀನಿ. ಕೊಂಬು, ಗಂಗೆದೊಗಲು, ಬೂದು ಮೈ ಎಲ್ಲ ಬಂತು. ಕಣ್ಣು ಮಾತ್ರ ಮೂರು ಸಲ ಅಳಿಸಿದೀನಿ, ಕಪ್ಪು ಹಚ್ಚಿ ಬಿಳಿ ಚುಕ್ಕೆ ಇಟ್ರೆ ಗುಂಡಿ ಹೊಲಿದ ಹಾಗಿರುತ್ತೆ, ಜೀವಾನೇ ಇಲ್ಲ.

— ನಾನೂ ವರ್ಷಗಟ್ಟಲೆ ಇದೇ ಮಾಡ್ತಿದ್ದೆ. ಮೊದಲು ಕಪ್ಪು ಟ್ಯೂಬ್ ಪಕ್ಕಕ್ಕಿಡಿ. ಎತ್ತಿನ ಕಣ್ಣು ದೂರಕ್ಕೆ ಕಪ್ಪು ಕಂಡ್ರೂ ಹತ್ರ ಹೋದ್ರೆ ಗಾಢ ಕಂದು, ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ಬ್ಲೂ ಬೆರೆಸಿದ್ರೆ ಆ ಆಳ ಸಿಗುತ್ತೆ. ಆಮೇಲೆ ಮೇಲಿನ ರೆಪ್ಪೆಯ ನೆರಳು, ಇದನ್ನ ಬಿಟ್ಟಿದ್ದಕ್ಕೇ ನಿಮ್ಮ ಕಣ್ಣು ಚಪ್ಪಟೆ ಆಗಿರೋದು ಅಂತ ನನ್ನ ನಂಬಿಕೆ, ಗುಡ್ಡೆ ಉಂಡೆಯಾಗಿದೆ, ರೆಪ್ಪೆ ಅದರ ಮೇಲೆ ಮುಚ್ಕೊಂಡಿದೆ, ಹಾಗಾಗಿ ಮೇಲ್ಭಾಗ ಯಾವಾಗ್ಲೂ ಕತ್ತಲು. ಬೆಳಕು ಎಡಗಡೆ ಮೇಲಿಂದ ಬಂದ್ರೆ ಹೊಳಪು ಅಲ್ಲೇ ಬೀಳುತ್ತೆ, ಆದ್ರೆ ಅದರ ಎದುರು, ಕೆಳಗೆ ಬಲಗಡೆ, ಕಂದು ಬಣ್ಣ ಒಳಗಿಂದ ಬೆಳಗಿದ ಹಾಗೆ ಕಾಣುತ್ತೆ, ಯಾಕಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಉಬ್ಬು ಬೆಳಕನ್ನ ಬಗ್ಗಿಸಿ ಆ ಕಡೆ ಚೆಲ್ಲುತ್ತೆ. ಅಲ್ಲಿ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ನೀರಾಗಿ ಮಾಡಿ ಎರಡು ಮೂರು ಪದರ ಕೊಡಿ, ಪ್ರತಿ ಪದರ ಒಣಗಿದ ಮೇಲೆ. ಹೊಳಪಿಗೆ ಬರೀ ಬಿಳಿ ಬೇಡ, ಬಯಲಲ್ಲಿ ನಿಂತ ಎತ್ತಿನ ಕಣ್ಣಲ್ಲಿ ಕಾಣೋದು ಆಕಾಶ, ಅದಕ್ಕೆ ಚೂರು ನೀಲಿ ಬೆರೆಸಿ, ಅಪ್ಪಟ ಬಿಳಿ ಅದರ ನಡುವೆ ಸಾಸಿವೆ ಕಾಳಷ್ಟು ಸಾಕು.

— ನಮ್ಮನೇಲಿ ಗೌರಿ ಗಣೇಶ ಮಾಡ್ತಾರೆ, ಅಲ್ಲಿ ಕಣ್ಣು ಕೊನೆಗೆ. ಪ್ರಾಣಿ ಚಿತ್ರಕ್ಕೆ ಮಾತ್ರ ನಾನು ಕಣ್ಣನ್ನೇ ಮೊದಲು ಬರೀತೀನಿ, ಅದು ದಕ್ಕದೆ ಮಿಕ್ಕಿದ್ದು ಬರೆಯೋಕೆ ಮನಸ್ಸೇ ಬರಲ್ಲ. ಇನ್ನೊಂದು, ಪಾಪೆ ಗುಂಡಗೆ ಬರೆದಿದ್ರೆ ಅಳಿಸಿ. ದನ, ಕುದುರೆ, ಆಡು ಎಲ್ಲಕ್ಕೂ ಅದು ಅಡ್ಡಕ್ಕೆ ಉದ್ದ. ಆಡು ತಲೆ ಬಗ್ಗಿಸಿ ಮೇಯುವಾಗ್ಲೂ ಕಣ್ಣುಗುಡ್ಡೆ ತಿರುಗಿ ಆ ಪಾಪೆ ನೆಲಕ್ಕೆ ಸಮಾನಾಂತರವಾಗೇ ಉಳಿಯುತ್ತೆ, 2015ರಲ್ಲಿ ವಿಜ್ಞಾನಿಗಳು ಇದನ್ನ ಕುರಿ, ಕುದುರೆಗಳಲ್ಲೂ ತೋರಿಸಿದ್ರು. ಮೇಯುವ ಆಡು ಬರೆದಾಗ ನಾನು ಮುಖದ ಜೊತೆ ಪಾಪೆನೂ ವಾಲಿಸಿ ಇಡೀ ಚಿತ್ರ ಕೆಡಿಸ್ಕೊಂಡಿದ್ದೆ.

— ಹುಲಿ, ಚಿರತೆ ಬರೆಯೋರಿಗೂ ಒಂದು ಮಾತು, ಮನೆ ಬೆಕ್ಕಿನ ಹಾಗೆ ಸೀಳು ಪಾಪೆ ಹಾಕ್ಬೇಡಿ, ಅವುಗಳದ್ದು ಗುಂಡಗೇ ಇರೋದು. ಮತ್ತೆ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ನೋಡಿ ಬರೀಬೇಡಿ ಅಣ್ಣ, ಕಣ್ಣಿನ ಹಿಂದಿನ ಪದರ ಬೆಳಕು ವಾಪಸ್ ಎಸೆದು ಹಸಿರು ಹಸಿರಾಗಿ ಬಂದಿರುತ್ತೆ, ಬಣ್ಣಾನೇ ಗೊತ್ತಾಗಲ್ಲ.

— ಕೇಳಿದ್ದು ನಾನೇ. ಎಲ್ಲರಿಗೂ ಥ್ಯಾಂಕ್ಸ್. ನನ್ನ ಫೋಟೋ ಫ್ಲ್ಯಾಶ್‌ದೇ ಆಗಿತ್ತು! ಬೆಳಿಗ್ಗೆ ಪಕ್ಕದ ಮನೆ ಕೊಟ್ಟಿಗೆಗೆ ಹೋಗಿ ಅವರ ಎತ್ತಿನ ಮುಂದೆ ಅರ್ಧ ಗಂಟೆ ನಿಂತಿದ್ದೆ, ಅದರ ಕಣ್ಣಲ್ಲಿ ಕೊಟ್ಟಿಗೆ ಬಾಗಿಲು, ಬಾಗಿಲಲ್ಲಿ ನಾನು, ಎಲ್ಲ ಬಗ್ಗಿ ಕಾಣ್ತಿತ್ತು. ರೆಪ್ಪೆ ನೆರಳು ಹಾಕ್ತಿದ್ದ ಹಾಗೇ ಗುಂಡಿ ಹೋಯ್ತು. ಕೆಳಗಿನ ರೆಪ್ಪೆ ಅಂಚಿನ ತೇವದ ಗೆರೆ ಮಾತ್ರ ದಪ್ಪ ಆಗಿ ಅಳ್ತಿರೋ ಹಾಗಿದೆ, ಅದನ್ನ ನಾಳೆ ಸಣ್ಣ ಬ್ರಶ್ಶಲ್ಲಿ ತೆಳ್ಳಗೆ ಮಾಡ್ತೀನಿ.