ತೋಟದ ಮನೆಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಇಟ್ಟುಕೊಂಡವರು ಹೇಳಿ

ಅಮ್ಮತ್ತಿ ತೋಟದವ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ರೋಬಸ್ಟಾ ಕಾಫಿಗೆ ಒಳ್ಳೆ ರೇಟು ಸಿಕ್ಕಿತು. ಬ್ಯಾಂಕಿನ ಸಾಲ ತೀರಿತು, ಆಳುಗಳ ಲೈನ್ ಮನೆಗಳ ಹೆಂಚು ಬದಲಾಯಿತು. ಕಾಲೇಜು ದಿನದಿಂದ ಇಟ್ಟುಕೊಂಡ ಒಂದು ಆಸೆ ಬಾಕಿ ಇದೆ. ಬೆಂಗಳೂರಲ್ಲಿ ಒಬ್ಬರ ಹತ್ತಿರ 2017ರ ಪೋರ್ಷೆ 718 ಬಾಕ್ಸ್‌ಸ್ಟರ್ ಇದೆ. 2 ಲೀಟರ್ ಟರ್ಬೊ, 300 ಅಶ್ವಶಕ್ತಿ. ಮೀಟರಲ್ಲಿ 24,000 ಕಿ.ಮೀ., ಪುದುಚೇರಿ ನಂಬರು, 56 ಲಕ್ಷ ಹೇಳ್ತಿದ್ದಾರೆ. ನಮ್ಮ ಮನೆಯಿಂದ ಟಾರ್ ರಸ್ತೆಗೆ 600 ಮೀಟರ್ ಮಣ್ಣು ದಾರಿ. ಅಪ್ಪ ಬೇಡವೇ ಬೇಡ ಅಂತಾರೆ. ಕೊಡಗಲ್ಲಿ ಇಂಥ ಗಾಡಿ ಇಟ್ಟುಕೊಂಡವರು ಅನುಭವ ಹೇಳಿ. ತಗೊಳ್ಳಲಾ, ಬಿಡಲಾ?

ಸುಂಟಿಕೊಪ್ಪದವ:
2019ರಲ್ಲಿ ತಗೊಂಡೆ, 2023ರಲ್ಲಿ ಮಾರಿದೆ. ಎರಡು ಸೀಟು, ಬಟ್ಟೆ ಹುಡ್ಡು, ಎಂಜಿನ್ ಸೀಟಿನ ಹಿಂದೆ. ಕಂಪನಿ ಹೆಸರು ಬರೆಯಲ್ಲ. ಆ ಗಾಡಿ ಹುಟ್ಟಿದ್ದು ನಮ್ಮ ಊರಿಗಲ್ಲ, ಅಷ್ಟೇ.

ಇಂಥ ಗಾಡಿಗೆ ರೇಡಿಯೇಟರ್ ಮುಂದಿನ ಬಂಪರಿನ ಎರಡು ಮೂಲೆಯಲ್ಲಿ ಇರುತ್ತೆ, ಅದರ ಮುಂದೆ ಬಾಯಿ ತೆರೆದ ಕಿಂಡಿ. ನಮ್ಮದು ಪೂರ್ತಿ ಸಿಲ್ವರ್ ಮರದ ತೋಟ. ಎಲೆ ಆ ಕಿಂಡಿಯೊಳಗೆ ಹೋಗಿ ರೇಡಿಯೇಟರಿಗೂ ಏಸಿ ಕಂಡೆನ್ಸರಿಗೂ ನಡುವೆ ಕೂರುತ್ತೆ, ಮಳೆ ಬಿದ್ದ ಮೇಲೆ ಕೊಳೆತು ಗೊಬ್ಬರ ಆಗುತ್ತೆ. ಎರಡೇ ಮಳೆಗಾಲಕ್ಕೆ ಅಲ್ಯುಮಿನಿಯಂ ತೂತು. ಎರಡು ಕಂಡೆನ್ಸರಿಗೆ 1,12,000, ಬಂಪರ್ ಬಿಚ್ಚಿ ಹಾಕಿದ ಕೂಲಿ 14,500, ಗ್ಯಾಸ್ 4,200. ಅಷ್ಟಕ್ಕೆ ಮುಗೀಲಿಲ್ಲ. ಹುಡ್ಡಿನ ನೀರು ಇಳಿದು ಹೋಗೋ ತೂತೂ ಎಲೆಯಿಂದ ಕಟ್ಟಿಕೊಂಡಿತ್ತು. ಜೋರು ಮಳೆಯ ಕಕ್ಕಡ ತಿಂಗಳ ಒಂದು ರಾತ್ರಿ ನೀರು ಸೀಟಿನ ಕೆಳಗೆ ನಿಂತು, ಅಲ್ಲಿದ್ದ ಕಂಟ್ರೋಲ್ ಯೂನಿಟ್ ಸತ್ತಿತು. 2,36,000. ಗಾಡಿ ಸ್ಟಾರ್ಟ್ ಆಗಲ್ಲ, ಹ್ಯಾಂಡ್‌ಬ್ರೇಕ್ ಬಿಡಲ್ಲ. ಬೆಂಗಳೂರಿಗೆ ಫ್ಲಾಟ್‌ಬೆಡ್ 21,000. ಆ ಲಾರಿ ನಮ್ಮ ಗೇಟಿನೊಳಗೆ ತಿರುಗಲಿಲ್ಲ, ಚಕ್ರದ ಕೆಳಗೆ ಹಲಗೆ ಕೊಟ್ಟು ಟ್ರ್ಯಾಕ್ಟರಲ್ಲಿ ಎಳೆದೆವು, ಬಂಪರಿನ ಕೆಳಗಿನ ತುಟಿ ಸೀಳಿತು. ಅದಕ್ಕೆ 68,000.

ಕೊಂಡಿದ್ದು 41 ಲಕ್ಷಕ್ಕೆ, ಮಾರಿದ್ದು 27ಕ್ಕೆ. ಮಧ್ಯೆ ಸುರಿದದ್ದು 9 ಲಕ್ಷ 80 ಸಾವಿರ. ಓಡಿಸಿದ್ದು 6,100 ಕಿ.ಮೀ. ಲೆಕ್ಕ ಹಾಕಿ, ಕಿಲೋಮೀಟರಿಗೆ 390 ರೂಪಾಯಿ, ಪೆಟ್ರೋಲ್ ಬಿಟ್ಟು. ನಿಮ್ಮಪ್ಪ ಹೇಳಿದ್ದು ಕೇಳಿ.

ಗೋಣಿಕೊಪ್ಪದವ:
ಸುಂಟಿಕೊಪ್ಪದ ಅಣ್ಣ ಬರೆದದ್ದು ಓದಿ ಬೇಸರ ಆಯಿತು. ನನ್ನ ಹತ್ತಿರ ಆರು ವರ್ಷದಿಂದ ಇದೆ, 2016ರ ಕೂಪೆ, 31,000 ಕಿ.ಮೀ. ಆಗಿದೆ. ಗಾಡಿ ನೋಡೋಕೆ ಮೊದಲು ಶೆಡ್ ಕಟ್ಟಿಸಿದೆ. ಸಿಮೆಂಟ್ ನೆಲ, ತಗಡಿನ ಕೆಳಗೆ ಸೀಲಿಂಗ್, ಇಲಿ ಬರದ ಹಾಗೆ ನಾಲ್ಕೂ ಕಡೆ ಬಲೆ. 3,85,000 ಆಯಿತು. ಒಳಗೆ ಗಾಳಿಯ ತೇವ ಹೀರೋ ಮೆಷಿನ್ 26,000, ಮಳೆಗಾಲದಲ್ಲಿ ಅದರ ಕರೆಂಟೇ ತಿಂಗಳಿಗೆ 1,400. ಮೊದಲ ವರ್ಷ ಮೆಷಿನ್ ಇರಲಿಲ್ಲ. ಹದಿನೈದು ದಿನ ಬಿಟ್ಟು ಬಾಗಿಲು ತೆಗೆದರೆ ಸ್ಟಿಯರಿಂಗ್ ಚರ್ಮದ ಮೇಲೆ ಬೂಸ್ಟು, ಸೀಟ್ ಬೆಲ್ಟಿನ ಮೇಲೂ ಹಸಿರು.

ಜೂನಲ್ಲಿ ಒಳಗೆ ಹೋದರೆ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೇ ಹೊರಗೆ. ಬ್ಯಾಟರಿಗೆ ನಿಧಾನ ಚಾರ್ಜರ್ ಹಾಕಿಯೇ ಇರುತ್ತೆ, ಟ್ಯಾಂಕ್ ಫುಲ್, ಟೈರಿಗೆ ಗಾಳಿ ಜಾಸ್ತಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತೀವಿ ಅಂತಾರಲ್ಲ, ಅದನ್ನು ಮಾಡಬೇಡಿ. ಆಯಿಲ್ ಬಿಸಿಯಾಗಲ್ಲ, ಸೈಲೆನ್ಸರಲ್ಲಿ ನೀರು ಕೂತು ತುಕ್ಕು ಹಿಡಿಯುತ್ತೆ.

ನನಗೆ ನಿಜವಾಗಿ ಹೊಡೆತ ಕೊಟ್ಟಿದ್ದು ಟೈರು. ಹಿಂದಿನದ್ದು ಅಗಲ, ಮುಂದಿನದ್ದು ಸಣ್ಣದು, ಅದಲು ಬದಲು ಮಾಡೋ ಹಾಗಿಲ್ಲ. ಹಿಂದಿನ ಜೋಡಿ 11,000 ಕಿ.ಮೀ.ಗೆ ಸವೆಯಿತು, 84,000. ಸ್ಟೆಪ್ನಿ ಇಲ್ಲ, ಒಂದು ಡಬ್ಬಿ ಅಂಟು ಮತ್ತೆ ಪಂಪು ಅಷ್ಟೇ. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ಗುಂಡಿಗೆ ಬಿದ್ದು ಟೈರಿನ ಪಕ್ಕ ಹರಿಯಿತು. ಪಕ್ಕ ಹರಿದರೆ ಅಂಟು ನಿಲ್ಲಲ್ಲ. ಆನೆ ದಾಟೋ ಜಾಗದಲ್ಲಿ ಸಂಜೆ ಐದು ಗಂಟೆಯಿಂದ ರಾತ್ರಿ ಹತ್ತರವರೆಗೆ ಮಗನ ಜೊತೆ ಗಾಜು ಏರಿಸಿ ಕೂತಿದ್ದೆ. ಆದರೂ ಜನವರಿ ಬೆಳಿಗ್ಗೆ ಆರಕ್ಕೆ ಹುಣಸೂರು ಕಡೆ ಹೊರಟರೆ, ಆ ಸ್ಟಿಯರಿಂಗ್ ಕೈಗೆ ಹೇಳೋದನ್ನು ಬೇರೆ ಯಾವ ಗಾಡಿಯೂ ಹೇಳಲ್ಲ. ತಗೊಳ್ಳಿ. ಮೊದಲು ಶೆಡ್ ಕಟ್ಟಿಸಿ.

ಸುಂಟಿಕೊಪ್ಪದವ:
ನಾಲ್ಕು ಲಕ್ಷದ ಶೆಡ್ ಕಟ್ಟೋಕೆ ಆಗದವನು ಆಸೆಯೇ ಪಡಬಾರದು ಅನ್ನೋ ಹಾಗೆ ಇದೆ ನಿಮ್ಮ ಮಾತು. ನಾನೂ ಗಾಡಿಯನ್ನು ಮಗು ಥರ ನೋಡಿಕೊಂಡಿದ್ದೆ. ಇಷ್ಟು ದುಡ್ಡು ಕಳಕೊಂಡವನ ಮುಂದೆ ಬಂದು ಪಾಠ ಹೇಳಬೇಡಿ.

ಗೋಣಿಕೊಪ್ಪದವ:
ಪಾಠ ಅಲ್ಲ ಅಣ್ಣ. ಆ ಕಿಂಡಿಗೆ ಸ್ಟೀಲ್ ಬಲೆ ಕೂರಿಸೋಕೆ ನನಗೆ ಆಗಿದ್ದು 900 ರೂಪಾಯಿ. ಅದನ್ನು ಮಾಡದೆ ಒಂದು ಲಕ್ಷದ ಬಿಲ್ ತೋರಿಸಿ ಇನ್ನೊಬ್ಬರನ್ನು ಹೆದರಿಸೋದು ಸರಿ ಅಲ್ಲ ಅಂದೆ.

ಕುಶಾಲನಗರ ಗ್ಯಾರೇಜು:
ಇಬ್ಬರೂ ಗಾಡಿ ಮನೆಗೆ ಬಂದ ಮೇಲಿನ ಮಾತೇ ಆಡ್ತಿದ್ದೀರಿ. ತರೋಕೆ ಮೊದಲು ನೋಡಬೇಕಾದದ್ದು ಯಾರೂ ಹೇಳಲಿಲ್ಲ. 2019ರ ಆಗಸ್ಟಲ್ಲಿ ಕಾವೇರಿ ನಮ್ಮ ಬಡಾವಣೆಗಳಿಗೆ ನುಗ್ಗಿದಾಗ ಮುಳುಗಿದ ಗಾಡಿಗಳನ್ನು ನನ್ನ ಕೈಯಾರೆ ಬಿಚ್ಚಿದ್ದೀನಿ. ಹೊರಗೆ ಪಾಲಿಶ್ ಮಾಡಿದರೆ ಏನೂ ಕಾಣಲ್ಲ. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆಯಿರಿ, ಒಳಗಿನ ತುದಿಯಲ್ಲಿ ಮಣ್ಣಿನ ಗೆರೆ ಇರುತ್ತೆ. ಸೀಟಿನ ಹಳಿ, ಬೋಲ್ಟಿನ ತಲೆ ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಚೆನ್ನೈ 2015, ಬೆಂಗಳೂರು 2022, ಆ ಪ್ರವಾಹಗಳಲ್ಲಿ ನೀರು ಕುಡಿದ ಗಾಡಿಗಳು ಇನ್ನೂ ಕೈ ಬದಲಾಗ್ತಾ ಇವೆ.

ಮುಖ್ಯವಾದ್ದು ಕಂಪ್ಯೂಟರ್ ರಿಪೋರ್ಟು. ಮೀಟರ್ ತಿರುಗಿಸಬಹುದು. ಎಂಜಿನ್ ಕಂಪ್ಯೂಟರಲ್ಲಿ ಗಾಡಿ ಎಷ್ಟು ಗಂಟೆ ಓಡಿದೆ ಅನ್ನೋದು ಬೇರೆ ಇರುತ್ತೆ, ಅದನ್ನು ಎಲ್ಲರೂ ಮುಟ್ಟಕ್ಕೆ ಹೋಗಲ್ಲ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಬೆಂಗಳೂರು ಗಾಡಿ ಗಂಟೆಗೆ 18ರಿಂದ 25 ಬಂದರೆ ನಂಬಬಹುದು. ಎಂಜಿನನ್ನು ಮಿತಿ ಮೀರಿ ತಿರುಗಿಸಿದ್ದರೆ ಅದೂ ಆರು ಹಂತದಲ್ಲಿ ದಾಖಲಾಗಿರುತ್ತೆ, ಮೇಲಿನ ಹಂತದಲ್ಲಿ ಲೆಕ್ಕ ಇದ್ದರೆ ಬಿಟ್ಟು ಬನ್ನಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರದ್ದು. ಟೈರಿನ ಗೆರೆ ಎಷ್ಟೇ ಹೊಸದಾಗಿ ಕಂಡರೂ ಆರು ವರ್ಷದ ರಬ್ಬರು ಮಳೆಯಲ್ಲಿ ಜಾರುತ್ತೆ.

ಪೊನ್ನಂಪೇಟೆಯವ:
ಪೋರ್ಷೆ ಎಂಜಿನ್ ಒಳಗೆ ಒಂದು ಬೇರಿಂಗ್ ಒಡೆದು ಎಂಜಿನ್ನೇ ಹೋಗುತ್ತೆ ಅಂತ ನನ್ನ ಸ್ನೇಹಿತ ಹೇಳಿದ್ದ. 56 ಲಕ್ಷ ಕೊಟ್ಟು ಯಾಕೆ ಬೇಕು ಆ ಭಯ? ಮೇಲಿಂದ ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್.

ಕುಶಾಲನಗರ ಗ್ಯಾರೇಜು:
ಆ ಐಎಂಎಸ್ ಬೇರಿಂಗ್ 2008ರವರೆಗಿನ ಎಂಜಿನ್ನಿನ ವಿಷಯ. 718ರಲ್ಲಿ ಆ ಬೇರಿಂಗೇ ಇಲ್ಲ. ಕೇಳಿದ್ದನ್ನು ಹಾಗೇ ಇಲ್ಲಿ ಹಾಕಬೇಡಿ, ಜನ ಹೆದರಿ ಒಳ್ಳೆ ಗಾಡಿ ಬಿಡ್ತಾರೆ. ಎಥೆನಾಲ್ ಮಾತು ಒಪ್ತೀನಿ. ಅದು ತೇವ ಎಳಕೊಳ್ಳುತ್ತೆ. ನಾಲ್ಕು ತಿಂಗಳು ನಿಲ್ಲಿಸೋ ಗಾಡಿಗೆ ಟ್ಯಾಂಕ್ ಅರ್ಧ ಖಾಲಿ ಬಿಡಬಾರದು ಅನ್ನೋದು ಅದಕ್ಕೇ.

ವಿರಾಜಪೇಟೆ ಅಕ್ಕ:
ತಮ್ಮಾ, ನೀನು ಪುದುಚೇರಿ ನಂಬರು ಅಂತ ಒಂದು ಸಾಲಲ್ಲಿ ಬರೆದು ಮುಂದೆ ಹೋದೆ. ನನಗೆ ನಿದ್ದೆ ಹೋಗಿದ್ದು ಅದೇ ಸಾಲಿನಿಂದ. 2022ರಲ್ಲಿ ನಾನೇ ದುಡಿದ ದುಡ್ಡಲ್ಲಿ, ಕಾಳುಮೆಣಸಿನ ದುಡ್ಡಲ್ಲಿ, ಪಿವೈ ನಂಬರಿನ ಗಾಡಿ ತಂದೆ. ಮಾರಿದವನು ಏನೂ ಆಗಲ್ಲ ಮೇಡಂ ಅಂದ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ನಂಬರು ಬದಲಾಯಿಸಲೇಬೇಕು, ಕಾನೂನು ಹಾಗಿದೆ. ಇಲ್ಲಿ 20 ಲಕ್ಷ ಮೀರಿದ ಗಾಡಿಗೆ ಜೀವಾವಧಿ ತೆರಿಗೆ ಶೇಕಡ 18, ಮೇಲೆ ಸೆಸ್ಸು. ಹಳೆ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದರೆ ಲೆಕ್ಕ ಹಿಡಿಯೋದು ಅದು ಹೊಸದಾಗಿ ಮಾರಾಟ ಆದ ಬೆಲೆ ಮೇಲೆ, ನೀನು ಕೊಟ್ಟ ದುಡ್ಡಿನ ಮೇಲಲ್ಲ. ನನ್ನದನ್ನು ದಾರಿಯಲ್ಲಿ ಹಿಡಿದರು. ತೆರಿಗೆ, ದಂಡ ಎಲ್ಲ ಸೇರಿ 7,43,000. ಗಾಡಿ 19 ದಿನ ಬಿಸಿಲಲ್ಲಿ ನಿಂತಿತ್ತು, ಡ್ಯಾಶ್‌ಬೋರ್ಡ್ ಸೀಳಿತು. ಎನ್‌ಒಸಿಗೆ ಪುದುಚೇರಿಗೆ ಎರಡು ಸಲ ಹೋದೆ. ಹಳೇ ಮಾಲೀಕನ ಸಾಲ ತೀರಿದ ಫಾರಂ 35 ಇಲ್ಲ ಅಂತ ಮೊದಲ ಸಲ ಬರಿಗೈಲಿ ವಾಪಸ್. ಈಗ ಕೆಎ 12 ನಂಬರು ಇದೆ. ಆ ಹಲಗೆ ನೋಡಿದರೆ ಇವತ್ತಿಗೂ ನೆಮ್ಮದಿ ಆಗುತ್ತೆ.

ಮಡಿಕೇರಿಯವ:
ಅಕ್ಕ, ನಾನು ಐದು ವರ್ಷದಿಂದ ಪಿವೈ ನಂಬರಲ್ಲೇ ಓಡಾಡ್ತಿದ್ದೀನಿ, ಒಬ್ಬರೂ ಕೇಳಿಲ್ಲ. ಶೇಕಡ 18 ವಸೂಲಿ ಮಾಡೋರು ಒಂದು ಮಳೆಗಾಲ ತಡೆಯೋ ರಸ್ತೆ ಕೊಡಲಿ, ಆಮೇಲೆ ಕಟ್ಟೋಣ.

ವಿರಾಜಪೇಟೆ ಅಕ್ಕ:
ನಿಮ್ಮನ್ನು ಕೇಳಿಲ್ಲ ಅಂದರೆ ಕೇಳಲ್ಲ ಅಂತ ಅರ್ಥ ಅಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಇಂಥ 30 ಗಾಡಿ ಒಟ್ಟಿಗೆ ಹಿಡಿದರು, ಪತ್ರಿಕೆಯಲ್ಲಿ ಬಂದಿತ್ತು. ನನ್ನ ಪಿಕಪ್ಪಿಗೂ ಟ್ರ್ಯಾಕ್ಟರಿಗೂ ತೆರಿಗೆ ಕಟ್ಟಿದ್ದೀನಿ, ಆಸೆಯ ಗಾಡಿಗೆ ಕಟ್ಟದೆ ಇರೋಕೆ ನನಗೆ ಮನಸ್ಸು ಒಪ್ಪಲ್ಲ. ಚಿಕ್ಕವರಿಗೆ ತಪ್ಪು ದಾರಿ ತೋರಿಸಬೇಡಿ.

ಮಡಿಕೇರಿಯವ:
ನಾನು ಯಾರಿಗೂ ದಾರಿ ತೋರಿಸಿಲ್ಲ, ನನ್ನ ಅನುಭವ ಬರೆದೆ. ಅನುಭವ ತಾನೇ ಕೇಳಿದ್ದು?

ಮಕ್ಕಂದೂರಿನವ:
ಓದ್ತಾ ಓದ್ತಾ ಸಿಟ್ಟು ಬಂತು, ಅದಕ್ಕೆ ಬರೀತಿದ್ದೀನಿ. 2018ರ ಆಗಸ್ಟಲ್ಲಿ ಗುಡ್ಡ ಇಳಿದಾಗ ನಮ್ಮ ಅಜ್ಜಿಯನ್ನು, ಎರಡು ಮಕ್ಕಳನ್ನು ಈಚೆ ತಂದಿದ್ದು 1998ರ ಜೀಪು. ನಾನು ಇವತ್ತಿಗೂ ಆ ಜೀಪಿನ ಬ್ರೇಕಿಗೆ, ಜಾಯಿಂಟಿಗೆ ದುಡ್ಡು ಹಾಕ್ತೀನಿ. ನೆಲಕ್ಕೆ ಅಂಟಿಕೊಂಡ ಗಾಡಿಗೆ 56 ಲಕ್ಷ ಅಂದರೆ ನನಗೆ ಅರ್ಥ ಆಗಲ್ಲ. ಭಾನುವಾರ ಬಂತು ಅಂದರೆ ಹೊರಗಿನಿಂದ ಹತ್ತು ಹನ್ನೆರಡು ಗಾಡಿ ಸಾಲಾಗಿ ಕಿರುಚಿಕೊಂಡು ಹೋಗ್ತವೆ. ಹೋದ ತಿಂಗಳು ನಮ್ಮ ಹಸು ಹಗ್ಗ ಹರಿದುಕೊಂಡು ಚರಂಡಿಗೆ ಬಿತ್ತು. ಕಾಲು ಇನ್ನೂ ಸರಿ ಆಗಿಲ್ಲ.

ಗೋಣಿಕೊಪ್ಪದವ:
ನಿಮ್ಮ ಮನೆ ಮೇಲೆ ಬಂದ ಕಷ್ಟ ದೊಡ್ಡದು, ಅದಕ್ಕೆ ಎದುರು ಮಾತಿಲ್ಲ. ಆದರೆ ಜೀಪು ಮಾರಿ ಇದನ್ನು ತಗೊಳ್ಳಿ ಅಂತ ಯಾರೂ ಅಂದಿಲ್ಲ. ಭಾನುವಾರದ ಗುಂಪಿಗೂ ನಮಗೂ ಸಂಬಂಧ ಇಲ್ಲ. ನಾನು ಊರೊಳಗೆ ಎರಡನೇ ಗೇರಲ್ಲೇ ಹೋಗೋದು.

ಮಕ್ಕಂದೂರಿನವ:
ಎಲ್ಲರೂ ಹಾಗೇ ಹೇಳ್ತಾರೆ.

ಅಮ್ಮತ್ತಿ ತೋಟದವ:
ಎಲ್ಲರಿಗೂ ಉಪಕಾರ ಆಯಿತು. ಗ್ಯಾರೇಜಿನವರು ಹೇಳಿದ ರಿಪೋರ್ಟ್ ಕೇಳಿದೆ. ಮೂರು ದಿನ ಫೋನ್ ಎತ್ತಲಿಲ್ಲ, ನಿನ್ನೆ ಕಳಿಸಿದರು. 24,000 ಕಿ.ಮೀ.ಗೆ 2,600 ಗಂಟೆ.

ಕುಶಾಲನಗರ ಗ್ಯಾರೇಜು:
ಗಂಟೆಗೆ ಒಂಬತ್ತು ಚಿಲ್ಲರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲೇ ದಿನಾ ನಿಂತರೂ ಇಷ್ಟು ಕಡಿಮೆ ಬರಲ್ಲ. ಆ ಎಂಜಿನ್ 50,000 ಓಡಿರಬೇಕು. ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಅಮ್ಮತ್ತಿ ತೋಟದವ:
ಕೊಟ್ಟಿರಲಿಲ್ಲ. ಬೇಡ ಅಂದುಬಿಟ್ಟೆ. ಕೆಎ ನಂಬರಿನದೇ ಹುಡುಕ್ತೀನಿ. ಹುತ್ತರಿ ಹಬ್ಬದ ಒಳಗೆ ಶೆಡ್ಡಿನ ಪಾಯ ಹಾಕಿಸ್ತೀನಿ, ಕಾಫಿ ಕೊಯ್ಲು ಶುರುವಾದರೆ ಆಳು ಸಿಗಲ್ಲ.

ಸುಂಟಿಕೊಪ್ಪದವ:
ಗೋಣಿಕೊಪ್ಪದವರೇ, ಆ ಬಲೆಯ ಕಿಂಡಿ ಎಷ್ಟು ಎಂಎಂ? ಸಣ್ಣದಾದರೆ ಗಾಳಿ ಕಡಿಮೆ ಆಗಿ ಸಂಪಾಜೆ ಘಾಟ್ ಹತ್ತುವಾಗ ಬಿಸಿ ಏರಲ್ವಾ? ನನ್ನ ಹತ್ತಿರ ಈಗ ಗಾಡಿ ಇಲ್ಲ. ಆದರೂ ಗೊತ್ತಾಗಬೇಕು.

ಗೋಣಿಕೊಪ್ಪದವ:
ಆರು ಎಂಎಂ ಅಣ್ಣ. ಏಪ್ರಿಲಲ್ಲಿ ಏಸಿ ಹಾಕಿಕೊಂಡು ಘಾಟ್ ಹತ್ತಿದ್ದೀನಿ, ಮುಳ್ಳು ಜಾಗ ಬಿಟ್ಟು ಕದಲಿಲ್ಲ. ಶನಿವಾರ ಮನೆಯಲ್ಲೇ ಇರ್ತೀನಿ, ಬಂದು ನೋಡಿ. ಬಂಪರ್ ಬಿಚ್ಚಿ ತೋರಿಸ್ತೀನಿ.