ಸೈಕಲ್ ಕಳುವಾದರೆ ವಿಮೆ ದುಡ್ಡು ಬರುತ್ತಾ? ಸರ್ವೇಯರ್ ಜೊತೆ ಪ್ರಶ್ನೋತ್ತರ

ನಮಸ್ಕಾರ. ಗ್ರೂಪಿನಲ್ಲಿ ಸೈಕಲ್ ಕಳವಿನ ಸುದ್ದಿ ಬಂದಾಗಲೆಲ್ಲ "ಇನ್ಶೂರೆನ್ಸ್ ಇತ್ತಾ?" ಎಂದು ಯಾರಾದರೂ ಕೇಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಅಡ್ಮಿನ್ ಈ ಸಲ ನನ್ನನ್ನು ಕೂರಿಸಿದ್ದಾರೆ. ನಾನು 22 ವರ್ಷದಿಂದ ಸರ್ವೇಯರ್. ಜಮೀನು ಅಳೆಯುವವನಲ್ಲ. ಕ್ಲೇಮ್ ಬಂದಾಗ ನಷ್ಟ ನಿಜವೇ, ಎಷ್ಟು ಎಂದು ನೋಡಿ ವರದಿ ಕೊಡುವವನು. ಲೈಸೆನ್ಸ್ ಕೊಡುವುದು ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ, ಫೀಸು ಕೊಡುವುದು ವಿಮಾ ಕಂಪನಿ. ಹಾಗಾಗಿ ಎರಡೂ ಕಡೆಯವರಿಗೆ ನನ್ನ ಮೇಲೆ ಅನುಮಾನ. ಕೇಳಿ.

ಪ್ರಶ್ನೆ (ಬನಶಂಕರಿ, ಬೆಂಗಳೂರು): ಸರ್, ನಮ್ಮದು ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ಕಂಬಕ್ಕೆ ಕೇಬಲ್ ಲಾಕ್ ಹಾಕಿ ನಿಲ್ಲಿಸಿದ್ದ 62,000 ರೂಪಾಯಿಯ ಗೇರ್ ಸೈಕಲ್ ರಾತ್ರೋರಾತ್ರಿ ಮಾಯ. ಬೆಳಿಗ್ಗೆಯೇ ಎಫ್‌ಐಆರ್ ಮಾಡಿಸಿದೆ. ಮನೆಗೆ ಹೌಸ್‌ಹೋಲ್ಡರ್ ಪಾಲಿಸಿ ಇದೆ, ಅದರಲ್ಲಿ ಬರ್ಗ್ಲರಿ ಕವರ್ ಕೂಡ ಇದೆ. ಆದರೂ ಕಂಪನಿಯವರು "ಫೋರ್ಸಿಬಲ್ ಎಂಟ್ರಿ ಇಲ್ಲ" ಎಂದು ಒಂದೇ ಸಾಲಿನ ಮೇಲ್ ಹಾಕಿ ಕೈತೊಳೆದುಕೊಂಡಿದ್ದಾರೆ. ಲಾಕ್ ಕತ್ತರಿಸಿದ್ದು ಫೋರ್ಸ್ ಅಲ್ವಾ?

ಉತ್ತರ: ನಿಮಗೆ ಫೋರ್ಸ್, ಪಾಲಿಸಿಗೆ ಅಲ್ಲ. ನನ್ನ ಕೈಗೆ ಬಂದ ಸೈಕಲ್ ಕ್ಲೇಮ್‌ಗಳಲ್ಲಿ ಜಾಸ್ತಿ ಸತ್ತಿರುವುದು ಇದೇ ಜಾಗದಲ್ಲಿ. ಪೊಲೀಸರ ಭಾಷೆಯಲ್ಲಿ ಕಳವು ಬೇರೆ, ಕನ್ನಗಳವು ಬೇರೆ. ವಿಮೆಯವರು ಬರ್ಗ್ಲರಿ ಎನ್ನುವುದು ಎರಡನೆಯದಕ್ಕೆ. ಬಾಗಿಲು ಒಡೆದೋ, ಕಿಟಕಿ ಸರಳು ಬಗ್ಗಿಸಿಯೋ ಒಳಗೆ ಬಂದಿರಬೇಕು. ಸುಪ್ರೀಂ ಕೋರ್ಟ್ 2004ರಲ್ಲಿ ಹರ್ಚಂದ್ ರಾಯ್ ಚಂದನ್ ಲಾಲ್ ಎಂಬ ಕೇಸಿನಲ್ಲಿ ಇದನ್ನೇ ಹೇಳಿತು: ಪಾಲಿಸಿಯಲ್ಲಿ ಬರ್ಗ್ಲರಿಗೆ ಬಲಪ್ರಯೋಗ ಬೇಕು ಎಂದು ಬರೆದಿದ್ದರೆ, ಬರೀ ಕಳವಿಗೆ ದುಡ್ಡು ಕೇಳುವಂತಿಲ್ಲ. ನಿಮ್ಮದು ಬೇಸ್‌ಮೆಂಟ್. ಅದು ಎಲ್ಲರ ಜಾಗ, ನಿಮ್ಮ ಮನೆಯ ಬಾಗಿಲ ಒಳಗಲ್ಲ. ಗೇಟು ತೆರೆದೇ ಇತ್ತು ಅಂದರೆ ಬರ್ಗ್ಲರಿ ವಿಭಾಗದಲ್ಲಿ ವಾದ ನಿಲ್ಲುವುದು ಕಷ್ಟ.

ಆದರೆ ಕೈಬಿಡಬೇಡಿ. ಹೌಸ್‌ಹೋಲ್ಡರ್ ಪಾಲಿಸಿಗಳಲ್ಲಿ ಹಿಂದಿನಿಂದಲೂ "ಪೆಡಲ್ ಸೈಕಲ್" ಎಂದು ಬೇರೆಯೇ ಒಂದು ವಿಭಾಗ ಇರುತ್ತದೆ. ಟಿವಿ, ಒಡವೆ, ಬ್ಯಾಗೇಜ್‌ಗಳ ನಡುವೆ ಎಲ್ಲೋ ಅಡಗಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಬರೀ ಕಳವೂ ಸೇರಿರುತ್ತದೆ. ನಿಮ್ಮ ಶೆಡ್ಯೂಲ್, ಅಂದರೆ ಯಾವುದಕ್ಕೆ ಎಷ್ಟು ಕವರ್ ಎಂದು ಬರೆದಿರುವ ಪಾಲಿಸಿಯ ಪಟ್ಟಿ, ತೆಗೆದು, ಆ ವಿಭಾಗದ ಎದುರು ಮೊತ್ತ ಇದೆಯಾ ನೋಡಿ ಹೇಳಿ. ಕತ್ತರಿಸಿದ ಲಾಕ್ ಎಲ್ಲಿದೆ?

ಅದೇ ಸದಸ್ಯರು: ಲಾಕ್ ಅಲ್ಲೇ ಬಿದ್ದಿತ್ತು ಸರ್, ಗುಡಿಸುವವರು ಬಿಸಾಕಿಬಿಟ್ಟಿದ್ದಾರೆ. ಫೋಟೊ ಮಾತ್ರ ಇದೆ. ಪಾಲಿಸಿ ಹುಡುಕಿ ನೋಡುತ್ತೇನೆ.

ಉತ್ತರ: ಫೋಟೊ ಇದ್ದರೂ ಸರಿ. ಬೇರೆಯವರು ಗಮನಿಸಿ, ಕತ್ತರಿಸಿದ ಲಾಕ್ ಕಸ ಅಲ್ಲ, ಸಾಕ್ಷಿ. ಒಬ್ಬ ಯಜಮಾನರು ತುಂಡಾದ ಕೇಬಲ್ಲನ್ನು ಹಾಲಿನ ಕವರಿನಲ್ಲಿ ಸುತ್ತಿ, ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದರು. ಬಿಚ್ಚಿ ನೋಡಿದೆ. ತಂತಿಯ ಎಳೆಗಳೆಲ್ಲ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿದ್ದವು. ತುದಿಗಳು ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿದ್ದವು. ಅದು ಬೋಲ್ಟ್ ಕಟರ್ ಗುರುತು. ತುಕ್ಕು ಹಿಡಿದು ತಾನೇ ತುಂಡಾಗಿದ್ದರೆ ಎಳೆಗಳು ಒಂದೊಂದು ಉದ್ದ ಇರುತ್ತವೆ, ತುದಿ ಕಂದಾಗಿರುತ್ತದೆ. ನನಗೆ ಎರಡು ನಿಮಿಷದಲ್ಲಿ ನಂಬಿಕೆ ಬಂತು.

ಪ್ರಶ್ನೆ (ತುಮಕೂರು): ಬ್ಯಾಂಕಿನವರು ಹೋಮ್ ಲೋನ್ ಜೊತೆ ಭಾರತ್ ಗೃಹ ರಕ್ಷಾ ಕೊಟ್ಟಿದ್ದಾರೆ. ಅದರಲ್ಲಿ ಸೈಕಲ್ ಬರುತ್ತಾ?

ಉತ್ತರ: ಮನೆ ಸಾಮಾನಿಗೂ ಕವರ್ ಇದೆಯಾ, ಬರೀ ಕಟ್ಟಡಕ್ಕಾ ಎಂದು ಮೊದಲು ನೋಡಿ. ಸಾಮಾನಿಗೆ ಇದ್ದರೆ ಬೆಂಕಿ, ಪ್ರವಾಹದಲ್ಲಿ ಸೈಕಲ್ ಹಾಳಾದಾಗ ಕೇಳಬಹುದು. ಕಳವಿಗೆ ನಂಬಿಕೊಳ್ಳಬೇಡಿ. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಕೊಡುತ್ತಿರುವ ಆ ಪಾಲಿಸಿಯಲ್ಲಿ, ಪ್ರವಾಹದಂಥ ಅನಾಹುತ ಆಗಿ ಅದರಿಂದಾಗಿ 7 ದಿನದೊಳಗೆ ನಡೆದ ಕಳವು ಮಾತ್ರ ಸೇರಿದೆ. ಸುಮ್ನೆ ಒಂದು ರಾತ್ರಿ ಸೈಕಲ್ ಹೋದರೆ ಇಲ್ಲ. ಕಳವಿಗೆ ಬೇರೆ ಕವರ್ ಸೇರಿಸಿಕೊಳ್ಳಬೇಕು.

ಪ್ರಶ್ನೆ (ಧಾರವಾಡ): ಸರ, ಹಾಸ್ಟೆಲ್ ಮುಂದೆ ನಿಲ್ಲಿಸಿದ್ದ ಸೈಕಲ್ ಹೋಯ್ತು. ಎರಡು ವರ್ಷದ ಹಿಂದೆ 6,800ಕ್ಕೆ ಕೊಂಡಿದ್ದೆ. ಸ್ಟೇಷನ್‌ನಲ್ಲಿ "ಈಗ ಅದಕ್ಕ ನಾಲ್ಕು ಸಾವಿರನೂ ಬರಂಗಿಲ್ಲ" ಎಂದು ಎಫ್‌ಐಆರ್ ಬದಲು ಎನ್‌ಸಿಆರ್ (ದೂರು ಬರೆದುಕೊಂಡಿದ್ದಕ್ಕೆ ಮಾತ್ರ ಚೀಟಿ) ಕೊಟ್ಟರು. ಅದಕ್ಕೂ ಮೊದಲು ಗೆಳೆಯನ ಮಾತು ಕೇಳಿ ಮೊಬೈಲ್‌ನಲ್ಲೇ ಪೊಲೀಸರ ಇ-ಲಾಸ್ಟ್ ವರದಿ ಹಾಕಿದ್ದೆ. ಕಾಲೇಜಿನಲ್ಲಿ ಸೈಕಲ್ ಜೊತೆ ಒಂದು ಸಣ್ಣ ವಿಮೆ ಮಾಡಿಸಿದ್ದರು. ನಡೆಯುತ್ತಾ?

ಉತ್ತರ: ಸ್ಟೇಷನ್‌ನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿಗೆ ಬೇರೆಯದೇ ದಾರಿ ಇದೆ. ಮೊದಲ ಸಲ ಸಿಕ್ಕಿಬಿದ್ದ ಕಳ್ಳ ವಸ್ತು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಅಂಥದ್ದನ್ನು ಅಸಂಜ್ಞೇಯ ಅಪರಾಧ ಎಂದು ಇಟ್ಟಿದ್ದಾರೆ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಕೈಹಾಕುವಂತಿಲ್ಲ. ಆದರೆ ನಿಮ್ಮ ಸೈಕಲ್ಲಿನ ಬೆಲೆ 4,000 ಎಂದು ಮೇಜಿನ ಆಚೆ ಕೂತವರು ಬಾಯಲ್ಲಿ ಹೇಳಿದರೆ ಆಗಲಿಲ್ಲ. ಬಿಲ್ ತೋರಿಸಿ. ಲಾಕ್, ಲೈಟು, ಕ್ಯಾರಿಯರ್, ಬೆಲ್ಲು ಎಲ್ಲಾ ಸೇರಿಸಿ ಬೆಲೆ ಬರೆದು ದೂರು ಕೊಡಿ.

ಇ-ಲಾಸ್ಟ್ ಮಾತ್ರ ದೊಡ್ಡ ತಪ್ಪಾಯಿತು. ಅದು ಕಳೆದುಕೊಂಡ ವಸ್ತುವಿಗೆ. ಪರ್ಸು ಬಸ್ಸಿನಲ್ಲಿ ಬಿದ್ದರೆ, ಮಾರ್ಕ್ಸ್ ಕಾರ್ಡ್ ಕಾಣದಿದ್ದರೆ ಸರಿ. ಕಳವಿಗೆ ಅದನ್ನು ಹಾಕಿದರೆ, "ಇವರೇ ಕಳೆದುಕೊಂಡೆ ಎಂದು ಬರೆದುಕೊಟ್ಟಿದ್ದಾರೆ, ಕಳವು ಎಲ್ಲಾಯಿತು?" ಎಂದು ಕಂಪನಿ ಕೇಳುತ್ತದೆ. ಈಗ ಕ್ಲೇಮ್ ಫಾರಂ ಜೊತೆ ಒಂದು ಪತ್ರ ಇಡಿ. ಗೊತ್ತಿಲ್ಲದೆ ಇ-ಲಾಸ್ಟ್ ಹಾಕಿದೆ, ಇಂಥ ದಿನ ಸ್ಟೇಷನ್‌ಗೆ ಹೋಗಿ ಕಳವಿನ ದೂರು ಕೊಟ್ಟೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಎನ್‌ಸಿಆರ್ ಪ್ರತಿಯನ್ನೂ ಸೇರಿಸಿ. ಸಣ್ಣ ಮೊತ್ತದ ಕ್ಲೇಮ್‌ಗೆ ಅದನ್ನೇ ಒಪ್ಪಿಕೊಂಡಿದ್ದನ್ನು ನೋಡಿದ್ದೇನೆ.

ಒಂದು ಮಾತು, ಬೇಜಾರಾಗಬೇಡಿ. ಏಳೆಂಟು ಸಾವಿರದ ಸೈಕಲ್ಲಿಗೆ ವರ್ಷವರ್ಷ ವಿಮೆ ಕಟ್ಟುವುದಕ್ಕಿಂತ ಒಂದು ಗಟ್ಟಿ ಯು-ಲಾಕ್ ಕೊಳ್ಳುವುದು ವಾಸಿ. ನಮ್ಮ ಕಸುಬಿನವರು ಇದನ್ನು ಹೇಳಬಾರದು, ಆದರೂ.

ಪ್ರಶ್ನೆ (ಮೈಸೂರು): 1,40,000 ರೂಪಾಯಿಯ ರೋಡ್ ಬೈಕ್ ತೆಗೆದುಕೊಂಡಿದ್ದೇನೆ. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಡಿಸೆಂಬರ್‌ನಲ್ಲಿ 200 ಕಿಮೀ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡುವ ಆಸೆ. ಪಾಲಿಸಿ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮೊದಲು "ಏನೇನು ಕೊಡಲ್ಲ" ಎಂಬ ಪುಟ ಓದಿ. ಕೊಡುವುದರ ಪಟ್ಟಿ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ರೇಸಿಂಗ್‌ಗೆ ಕವರ್ ಇಲ್ಲ ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಬ್ರೆವೆ ರೇಸ್ ಅಲ್ಲ, ಅಲ್ಲಿ ಯಾರಿಗೂ ಮೊದಲ ಸ್ಥಾನ ಕೊಡುವುದಿಲ್ಲ. ಆದರೆ 200 ಕಿಮೀಗೆ 13 ಗಂಟೆ 30 ನಿಮಿಷದ ಗಡುವು ಇದೆ. ಗಡಿಯಾರ ನೋಡಿ ಓಡಿಸುವುದನ್ನೆಲ್ಲ ರೇಸ್ ಎನ್ನುವ ಕ್ಲೇಮ್ ಆಫೀಸರ್‌ಗಳು ಇದ್ದಾರೆ. ಪಾಲಿಸಿ ಕೊಳ್ಳುವ ಮುಂಚೆಯೇ ಮೇಲ್ ಹಾಕಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಏಜೆಂಟ್ ಫೋನಿನಲ್ಲಿ "ಆಗುತ್ತೆ ಸರ್, ಆಗುತ್ತೆ" ಎಂದದ್ದು ಲೆಕ್ಕಕ್ಕಿಲ್ಲ.

ಎರಡನೆಯದು ಬಿಡಿಭಾಗ. ಬೆಟ್ಟದ ಮೇಲೆ ಟೀ ಕುಡಿದು ಬರುವಷ್ಟರಲ್ಲಿ ಮುಂದಿನ ಚಕ್ರ ಇಲ್ಲ, ಫ್ರೇಮ್ ಮಾತ್ರ ನಿಂತಿದೆ. ಹಳೆಯ ಪೆಡಲ್ ಸೈಕಲ್ ಕವರ್‌ಗಳಲ್ಲಿ, ಸೈಕಲ್ಲಿನ ಜೊತೆಗೇ ಹೋದರೆ ಮಾತ್ರ ಆಕ್ಸೆಸರಿಗಳಿಗೆ ದುಡ್ಡು. ಕ್ವಿಕ್ ರಿಲೀಸ್ ಚಕ್ರ (ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚುವಂಥದ್ದು) ಇರುವವರು ಲಾಕನ್ನು ಚಕ್ರ ಮತ್ತು ಫ್ರೇಮ್ ಎರಡರ ಒಳಗೂ ತೂರಿಸಿ ಹಾಕಿ.

ಮೂರನೆಯದು ಮೊತ್ತ. ಪ್ರೀಮಿಯಂ ಉಳಿಸಲು 1,40,000ದ ಸೈಕಲ್ಲಿಗೆ 70,000 ಎಂದು ಬರೆಸಿದಿರಿ ಅನ್ನಿ. ಬಿದ್ದು 20,000 ನಷ್ಟವಾದರೆ ನಿಮಗೆ 10,000 ಮಾತ್ರ. ಅರ್ಧಕ್ಕೆ ವಿಮೆ ಮಾಡಿಸಿದ್ದೀರಿ, ಅರ್ಧ ನಷ್ಟ ನಿಮ್ಮದೇ ಎನ್ನುತ್ತಾರೆ. ನಾವು ಇದನ್ನು ಆವರೇಜ್ ಎನ್ನುತ್ತೇವೆ. ಸವಕಳಿ ಕಳೆಯುತ್ತಾರಾ, ಹೊಸದರ ಬೆಲೆ ಕೊಡುತ್ತಾರಾ ಎಂದೂ ಕೇಳಿ. ಎರಡಕ್ಕೂ ತುಂಬಾ ವ್ಯತ್ಯಾಸ.

ಇನ್ನು ಇವತ್ತೇ ಮಾಡಬೇಕಾದ್ದು. ಸೈಕಲ್ಲನ್ನು ತಲೆಕೆಳಗು ಮಾಡಿ. ಎರಡು ಪೆಡಲ್‌ಗಳ ಕ್ರ್ಯಾಂಕ್ ಬಂದು ಸೇರುವ ಗುಂಡು ಭಾಗದ ಹೊಟ್ಟೆಯಲ್ಲಿ ಗ್ರೀಸು, ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುವುದು ಅಲ್ಲೇ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ, ಆಗ ಫೋಟೊ ತೆಗೆಯಿರಿ. ಆಮೇಲೆ ಅಂಗಡಿಗೆ ಹೋಗಿ ಆ ನಂಬರನ್ನು ಬಿಲ್ಲಿನ ಮೇಲೆ ಬರೆಸಿ, ಸೀಲ್ ಹಾಕಿಸಿ. ಸೈಕಲ್ಲಿಗೆ ಆರ್‌ಸಿ ಇಲ್ಲ, ಆರ್‌ಟಿಒ ಇಲ್ಲ. ಅದು ನಿಮ್ಮದು ಎನ್ನಲು ಇರುವುದು ಆ ಬಿಲ್ಲೊಂದೇ. ಒಂದು ಸಲ ಅಂಗಡಿಯವರು 'ಬಿ' ಅಕ್ಷರವನ್ನು 8 ಎಂದು ಬರೆದಿದ್ದಕ್ಕೆ ನನ್ನ ಒಂದು ಫೈಲ್ ಒಂದೂವರೆ ತಿಂಗಳು ಕೂತಿತ್ತು.

ಪ್ರಶ್ನೆ (ಹುಬ್ಬಳ್ಳಿ): ನನ್ನದು ಬ್ಯಾಟರಿ ಸೈಕಲ್. ಅದನ್ನು ಸೈಕಲ್ ಎಂದು ಒಪ್ತಾರಾ?

ಉತ್ತರ: ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಮೀ ಮೀರದಿದ್ದರೆ ನೋಂದಣಿ ಬೇಡ. ಆದರೂ ಪಾಲಿಸಿಯಲ್ಲಿ ಇ-ಸೈಕಲ್ ಎಂದು ಬರೆಸಿ. ಕಳಚಿ ಇಡುವ ಬ್ಯಾಟರಿ ಸೇರಿದೆಯಾ ಎಂದೂ ಬರಹದಲ್ಲೇ ಕೇಳಿ. ಯಾರೋ ಮೆಕ್ಯಾನಿಕ್ ಕೈಲಿ ವೈರ್ ಬದಲಿಸಿ 40ಕ್ಕೆ ಏರಿಸಿಕೊಂಡಿದ್ದರೆ ಕಾನೂನಿನ ಕಣ್ಣಿಗೆ ಅದು ಸೈಕಲ್ಲೇ ಅಲ್ಲ. ವಿಮೆ ಮರೆತುಬಿಡಿ.

ಪ್ರಶ್ನೆ (ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್): ಇಲ್ಲಿ ನನ್ನ ಸೈಕಲ್ಲಿಗೆ ವಿಮೆ ಇದೆ. ಲಾಕಿನ ಒಂದು ಕೀ ಊರಿಗೆ ಬಂದಾಗ ಶಿರಸಿಯಲ್ಲಿ ಎಲ್ಲೋ ಬಿತ್ತು. ತೊಂದರೆ ಇದೆಯಾ?

ಉತ್ರೆಕ್ಟ್‌ನಲ್ಲಿರುವ ಸದಸ್ಯರೊಬ್ಬರು: ಇದೆ. ಇಲ್ಲಿನ ಕಂಪನಿಗಳು ಎಆರ್‌ಟಿ ಮುದ್ರೆ (ಲಾಕ್ ಎಷ್ಟು ಗಟ್ಟಿ ಎಂದು ಪರೀಕ್ಷಿಸಿ ಕೊಡುವ ಗುರುತು) ಇರುವ ಲಾಕ್ ಕೇಳುತ್ತವೆ. ಸಾಮಾನ್ಯವಾಗಿ ಎರಡು ಸ್ಟಾರ್‌ನದ್ದು. ಕಳುವಾದಾಗ ಅದರ ಎರಡೂ ಕೀ ತಂದುಕೊಡಿ ಎನ್ನುತ್ತಾರೆ. ಒಂದೇ ಇದ್ದರೆ "ಇನ್ನೊಂದನ್ನು ಲಾಕಿನಲ್ಲೇ ಬಿಟ್ಟಿದ್ದಿರಿ" ಎಂಬ ಮಾತು. ಕೀ ಮೇಲೆ ಕೋಡ್ ಇದ್ದರೆ ಅದನ್ನು ಕೊಟ್ಟು ಇನ್ನೊಂದು ಮಾಡಿಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ.

ಉತ್ತರ (ಸರ್ವೇಯರ್): ಆ ದೇಶದ ವಿಚಾರ ಅವರೇ ಸರಿಯಾಗಿ ಹೇಳಿದ್ದಾರೆ. ಇಲ್ಲೂ ಬೈಕು, ಕಾರು ಹೋದಾಗ ಎರಡು ಕೀ ಕೇಳುವುದು ರೂಢಿ. ಸೈಕಲ್ ಲಾಕಿನ ಎರಡನೇ ಕೀಯನ್ನು ಬಿಲ್ಲಿನ ಜೊತೆಗೇ ಇಡಿ.

ಪ್ರಶ್ನೆ (ದಾವಣಗೆರೆ): ಕಳುವಾದ ದಿನವೇ ಪೊಲೀಸರಿಗೆ ಹೇಳಿದೆ. ಕಂಪನಿಗೆ ಹೇಳಿದ್ದು 12 ದಿನ ಬಿಟ್ಟು. ತಡವಾಯಿತು ಎಂದು ತಿರಸ್ಕರಿಸಿದ್ದಾರೆ.

ಉತ್ತರ: ಅಷ್ಟಕ್ಕೇ ಬಿಡಬೇಡಿ. ಗುರ್ಷಿಂದರ್ ಸಿಂಗ್ ಎಂಬುವರ ಟ್ರ್ಯಾಕ್ಟರ್ ಕಳುವಾಗಿತ್ತು. ಎಫ್‌ಐಆರ್ ಅದೇ ದಿನ, ಕಂಪನಿಗೆ ತಿಳಿಸಿದ್ದು 52 ದಿನದ ಮೇಲೆ. ಪೊಲೀಸರಿಗೆ ತಕ್ಷಣ ಹೇಳಿದ್ದರೆ, ಕಂಪನಿಗೆ ತಡವಾಗಿ ಹೇಳಿದ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಅದು ವಾಹನದ ಕೇಸು, ಆದರೆ ನಿಮ್ಮ ಪತ್ರದಲ್ಲಿ ಆ ಹೆಸರು ಇರಲಿ.

ಪತ್ರ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ. ಅವರು ಮತ್ತೆ ಇಲ್ಲ ಅಂದರೆ, ಅಥವಾ 30 ದಿನ ಉತ್ತರವೇ ಕೊಡದಿದ್ದರೆ, ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ತಕರಾರು ಬಗೆಹರಿಸುವ ಅಧಿಕಾರಿ. ನಮ್ಮ ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಎಂಬ ದೂರಿನ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ಸಹಾಯವಾಣಿ 155255. ಫೋನಿನಲ್ಲಿ ಜಗಳ ಆಡಬೇಡಿ, ಅದರಿಂದ ಬಿಪಿ ಮಾತ್ರ ಏರುತ್ತದೆ. ಎಲ್ಲಾ ಮೇಲ್‌ನಲ್ಲೇ ಇರಲಿ.

ಬನಶಂಕರಿಯ ಸದಸ್ಯರು (ಐದು ವಾರದ ಮೇಲೆ): ಸರ್, ನೀವು ಹೇಳಿದ ಹಾಗೆ ಶೆಡ್ಯೂಲ್ ನೋಡಿದ್ದೆ. "ಪೆಡಲ್ ಸೈಕಲ್, 1, ಮೊತ್ತ 15,000" ಎಂದಿತ್ತು! ಹಿಂದೆ ಮಗನ ಸೈಕಲ್ಲಿಗೆ ಮಾಡಿಸಿದ್ದು, ಪ್ರತಿವರ್ಷ ಹಾಗೇ ರಿನ್ಯೂ ಆಗಿದೆ. ಆ ಸೈಕಲ್ ಗುಜರಿಗೆ ಹೋಗಿ ಮೂರು ವರ್ಷ ಆಯ್ತು. ಕಂಪನಿ, ಮಾಡೆಲ್ ಹೆಸರು ಏನೂ ಬರೆದಿಲ್ಲ. ಇರುವ ಸಂಗತಿ ಎಲ್ಲಾ ತಿಳಿಸಿ ಆ ವಿಭಾಗದಲ್ಲಿ ಮತ್ತೆ ಬರೆದೆ. ಸರ್ವೇಯರ್ ಬಂದು ಕಂಬ ನೋಡಿ, ಫೋಟೊ ನೋಡಿ ಹೋದರು. ಈಗ 500 ಎಕ್ಸೆಸ್ (ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು) ಕಳೆದು 14,500 ಕೊಡ್ತೀವಿ, ಸೈಕಲ್ ಸಿಕ್ಕರೆ ಕಂಪನಿಗೆ ಸೇರಿದ್ದು ಎಂಬ ಪತ್ರಕ್ಕೆ ಸಹಿ ಹಾಕಿ ಅಂತಿದ್ದಾರೆ. ಹಾಕಲಾ?

ಉತ್ತರ: ಹಾಗೇ ಹಾಕಬೇಡಿ. ಅದು 62,000ದ ಸೈಕಲ್. 14,500ಕ್ಕೆ ಪೂರ್ತಿ ಬರೆದುಕೊಟ್ಟರೆ, ನಾಳೆ ಪೊಲೀಸರು ಹಿಡಿದು ತಂದಾಗ ಸ್ಟೇಷನ್ ಮುಂದೆ ನಿಂತು ನೋಡುತ್ತಿರಬೇಕಾಗುತ್ತದೆ. "ಸೈಕಲ್ ಸಿಕ್ಕರೆ ನಾನು ಪಡೆದ 14,500 ವಾಪಸ್ ಕಟ್ಟಿ ಅದನ್ನು ಇಟ್ಟುಕೊಳ್ಳುತ್ತೇನೆ" ಎಂದು ಒಂದು ಸಾಲು ಸೇರಿಸಲು ಮೇಲ್‌ನಲ್ಲಿ ಕೇಳಿ. ಕಡಿಮೆ ಮೊತ್ತದ ಪಾಲಿಸಿಯಲ್ಲಿ ಇದು ನ್ಯಾಯವಾದ ಕೋರಿಕೆ. ಪೊಲೀಸರು ಇನ್ನೂ ಸಿ ರಿಪೋರ್ಟ್ (ಪತ್ತೆಯಾಗಲಿಲ್ಲ ಎಂಬ ವರದಿ) ಹಾಕಿಲ್ಲ ಅಲ್ವಾ? ಹಾಗಾದರೆ ಕೇಸು ಮುಚ್ಚಿಲ್ಲ. ಫ್ರೇಮ್ ನಂಬರ್ ಕೊಟ್ಟಿದ್ದೀರಾ?

ಬನಶಂಕರಿಯ ಸದಸ್ಯರು: ಎಫ್‌ಐಆರ್‌ನಲ್ಲಿ "ಕಪ್ಪು ಬಣ್ಣದ ಗೇರ್ ಸೈಕಲ್" ಅಂತ ಮಾತ್ರ ಇದೆ ಸರ್. ನಂಬರ್ ಬಾಕ್ಸ್ ಮೇಲಿನ ಸ್ಟಿಕರ್‌ನಲ್ಲಿ ಇರಬೇಕು. ಅಟ್ಟದ ಮೇಲೆ ಆ ಬಾಕ್ಸ್ ಇನ್ನೂ ಇದೆ, ದಸರಾ ಬೊಂಬೆ ತುಂಬಿಟ್ಟಿದ್ದೇವೆ. ಇಳಿಸಿ ನೋಡ್ತೀನಿ.

ಉತ್ತರ: ಇವತ್ತೇ ಇಳಿಸಿ. ನಂಬರ್ ಸಿಕ್ಕರೆ ಪೂರಕ ಹೇಳಿಕೆ ಎಂದು ಬರೆದು ಸ್ಟೇಷನ್‌ಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.